ಟಗರಿನ ಎಡಗಿವಿ

ಕೊಲ್ಹಾಪುರಕ್ಕೆ ಹೊರಟು ಜೀಪು ಹತ್ತುವಾಗಲೇ ಜಗಳ ಶುರುವಾಯಿತು. ಜೀಪು ಅಣ್ಣಾಸಾಬ ಪಾಟೀಲನದು, ಓಡಿಸುವವನೂ ಅವನೇ. ಪಂಚರ ಹಿರಿಯ ವಿರುಪಾಕ್ಷಪ್ಪನನ್ನು ಮುಂದೆ ಕೂರಿಸಿಕೊಂಡದ್ದು ಸರಿ. ಆದರೆ ಹಿಂದಿನ ಸೀಟಿನ ಮೇಲಿದ್ದ ಹೊಸ ಟವೆಲ್ಲನ್ನು ತೆಗೆದು, ಅಲ್ಲಿ ಗೊಬ್ಬರದ ಖಾಲಿ ಚೀಲ ಹಾಸಿ, "ಈಗ ಹತ್ರಿ" ಅಂದದ್ದು ಯಾವ ನ್ಯಾಯ? ಸತ್ತೆವ್ವ ಆ ಚೀಲವನ್ನು ಎರಡು ಬೆರಳಲ್ಲಿ ಎತ್ತಿ ರಸ್ತೆಗೆ ಎಸೆದು, ಬರಿಯ ರೆಕ್ಸಿನ್ನಿನ ಮೇಲೆ ಕೂತಳು. ಗಂಡ ಕಾಡಸಿದ್ದನನ್ನೂ ಕೈ ಹಿಡಿದು ಹತ್ತಿಸಿಕೊಂಡಳು.

"ಕುರಿ ನಾತ ಹತ್ತತೈತಿ ಅಂತ ಹಾಸಿದ್ದೆ," ಅಂದ ಅಣ್ಣಾಸಾಬ.

"ಹತ್ತಲಿ ಬಿಡ್ರಿ. ನಿಮ್ಮಜ್ಜಗ ಹನ್ನೆರಡ ಎಕರೆ ಬಂದದ್ದು ಆ ನಾತದಿಂದನ," ಅಂದಳು ಸತ್ತೆವ್ವ.

ಆ ಹನ್ನೆರಡು ಎಕರೆಯೇ ಎಲ್ಲದಕ್ಕೂ ಮೂಲ. ಅಲಖನೂರಿನಲ್ಲಿ ಕಬ್ಬಿನ ಹೊಲಗಳು ಮುಗಿಯುವ ಕಡೆ ಟಗರಿನ ಮಡ್ಡಿ ಎಂಬ ಕಲ್ಲುಭೂಮಿ ಇದೆ. ರಾಯಬಾಗದ ಸೀಮೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಅಣ್ಣಾಸಾಬನ ಅಜ್ಜ ಒಂದು ಟಗರನ್ನು ದರಬಾರಕ್ಕೆ ನಜರು, ಅಂದರೆ ಕಾಣಿಕೆಯಾಗಿ ಒಪ್ಪಿಸಿದ್ದ. ಆ ಟಗರು ರಾಜಧಾನಿಯ ಕಣದಲ್ಲಿ ಒಂಬತ್ತು ಟಗರುಗಳನ್ನು ಗುದ್ದಿ ಕೆಡವಿತು. ಮೆಚ್ಚಿದ ದರಬಾರದವರು ಮಡ್ಡಿಯನ್ನು ಪಾಟೀಲನ ಹೆಸರಿಗೆ ಬರೆದುಕೊಟ್ಟರು. ಟಗರು ಸತ್ತ ಮೇಲೆ ಅದರ ತೊಗಲಿಗೆ ಹುಲ್ಲು ತುಂಬಿ ನಿಲ್ಲಿಸಿದರು. ಅದು ಇವತ್ತಿಗೂ ಕೊಲ್ಹಾಪುರದ ಒಂದು ಮ್ಯೂಸಿಯಮ್ಮಿನಲ್ಲಿದೆ. ಇಷ್ಟನ್ನು ಊರೆಲ್ಲ ಒಪ್ಪುತ್ತದೆ. ಒಪ್ಪದಿರುವುದು ಒಂದೇ, ಟಗರು ಯಾರದು ಎಂಬುದು. ಅದು ತನ್ನ ಅಜ್ಜನ ಹಿಂಡಿನದು, ಪಾಟೀಲ ನಾಲ್ಕು ಆಳು ಕಳಿಸಿ ಹೊಡೆದುಕೊಂಡು ಹೋದ ಎಂದು ಕಾಡಸಿದ್ದ ಹೇಳುತ್ತಾನೆ. ಹೇಳುತ್ತಾನೆ ಅಂದರೆ, ದಿನಕ್ಕೆರಡು ಸಲ ಹೇಳುತ್ತಾನೆ.

ಮಡ್ಡಿ ಬರೀ ಮಡ್ಡಿಯಾಗಿದ್ದಾಗ ಯಾರಿಗೂ ಬೇಕಿರಲಿಲ್ಲ, ಕಾಡಸಿದ್ದನ ಕುರಿಗಳು ಮೇಯುತ್ತಿದ್ದವು. ಎಂಬತ್ತೇಳರ ದೀಪಾವಳಿಯ ಹೊತ್ತಿಗೆ ಅಣ್ಣಾಸಾಬ ಅಲ್ಲಿ ಬೋರು ಹೊಡೆಸಿದ, ನೀರು ಬಿತ್ತು, ಅಥಣಿ ಕಡೆಯವರಂತೆ ತಾನೂ ದ್ರಾಕ್ಷಿ ಹಚ್ಚುತ್ತೇನೆಂದು ಮುಳ್ಳುತಂತಿ ತರಿಸಿದ. ಅವನ ಆಳುಗಳ ಕಲ್ಲೇಟಿಗೆ ಒಂದು ಗಬ್ಬದ ಕುರಿಯ ಕಾಲು ಮುರಿಯಿತು. ಸುತ್ತ ಎಲ್ಲಿ ನೋಡಿದರೂ ಕಬ್ಬು. ಮಡ್ಡಿ ಹೋದರೆ ನಲವತ್ತು ಕುರಿಗಳನ್ನು ಮಾರಬೇಕು, ಮಾರಿದರೆ ಅದೇ ಅಣ್ಣಾಸಾಬನ ಕಬ್ಬು ಕಡಿಯಲು ಹೋಗಬೇಕು. ಸತ್ತೆವ್ವನಿಗೆ ರಾತ್ರಿ ಉಂಡ ಅನ್ನ ಮೈಗೆ ಹತ್ತದಷ್ಟು ಸಿಟ್ಟಿತ್ತು.

ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಪಂಚಾಯ್ತಿ ಸೇರಿತು. ಅಣ್ಣಾಸಾಬ ಜಂಬದಿಂದ ಭಂಡಾರದ ತಟ್ಟೆಯಲ್ಲಿ ಕೈಯಿಟ್ಟ. ಭಂಡಾರವೆಂದರೆ ದೇವರ ಅರಿಷಿಣಪುಡಿ, ಅದನ್ನು ಮುಟ್ಟಿ ಆಡಿದ ಮಾತನ್ನು ಈ ಸೀಮೆಯಲ್ಲಿ ಯಾರೂ ತಿರುಗಿಸುವುದಿಲ್ಲ.

"ಆ ಟಗರಿನ ಕಿವಿ ಮ್ಯಾಲ ಯಾರ ಮನಿ ಗುರುತ ಐತೋ, ಮಡ್ಡಿ ಅವರದು. ಗುರುತ ಇರಲಿಲ್ಲಂದ್ರ ಕಾಡಸಿದ್ದ ಕುರಿ ಹೊಡಕೊಂಡು ಊರ ಬಿಡಬೇಕು," ಅಂದ. ಆ ಧೈರ್ಯಕ್ಕೆ ಕಾರಣವಿತ್ತು. ಸಣ್ಣವನಿದ್ದಾಗ ಅಪ್ಪನ ಜೊತೆ ಹೋಗಿ ಕೊಲ್ಹಾಪುರದ ಚಿತ್ರಗಳ ಗ್ಯಾಲರಿಯಲ್ಲಿ ಆ ಟಗರಿನ ಚಿತ್ರ ನೋಡಿ ಬಂದಿದ್ದ. ಅದರಲ್ಲಿ ಕಿವಿಗಳು ಗೀರಿಲ್ಲದೆ ಇಡಿಯಾಗಿದ್ದವು.

ಕುರಿಗಾರರಲ್ಲಿ ಮನೆಮನೆಗೆ ಒಂದು ಕಿವಿಗುರುತು ಇರುತ್ತದೆ. ಮರಿ ಹುಟ್ಟಿದ ತಿಂಗಳೊಳಗೆ ಎಡಗಿವಿಯ ಅಂಚನ್ನು ತಮ್ಮ ಮನೆಯ ರೀತಿಯಲ್ಲಿ ಕತ್ತರಿಸಿ ಗಾಯಕ್ಕೆ ಭಂಡಾರ ಒತ್ತುತ್ತಾರೆ. ಕಾಡಸಿದ್ದನ ಮನೆಯದು ಬೆಣೆಯಾಕಾರದ ಸೀಳು. ಸತ್ತೆವ್ವನ ತವರುಮನೆಯದು, ಅಂದರೆ ಕಬ್ಬೂರಿನ ಧರೆಪ್ಪನ ಮನೆಯದು, ಉಗುರಿನಷ್ಟು ಅರ್ಧಚಂದ್ರ. ಕುರಿ ಮಾರಿದರೆ ಮಾರಿದವನೇ ಅದರ ಬಲಗಿವಿಯ ತುದಿ ಕತ್ತರಿಸಿ ಕೊಡಬೇಕು. ಆಮೇಲೆಯೇ ಕೊಂಡವನು ಎಡಗಿವಿಗೆ ತನ್ನ ಗುರುತು ಹಾಕಬಹುದು. ಎಡಗಿವಿಯಲ್ಲಿ ಎರಡು ಮನೆಯ ಗುರುತಿದ್ದು ಬಲಗಿವಿಯ ತುದಿ ಹಾಗೇ ಇದ್ದರೆ ಅದು ಕದ್ದ ಕುರಿ. ಅದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಾಡಸಿದ್ದನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಿಂಡಿನ ಮೊತ್ತ ಕಾಣುತ್ತಿತ್ತು, ಕಿವಿ ಕಾಣುತ್ತಿರಲಿಲ್ಲ. ಹಾಗಾಗಿ ಕಿವಿ ಓದಲು ಸತ್ತೆವ್ವ ಹೊರಟಳು. ಗಂಡುಮಕ್ಕಳಿಲ್ಲದ ಧರೆಪ್ಪ ಇದ್ದೊಬ್ಬ ಮಗಳ ಕೈಗೇ ಕತ್ತರಿ ಕೊಟ್ಟು ಕಲಿಸಿದ್ದ. ಹಳ್ಳದ ಆಚೆ ದಡದಲ್ಲಿ ನಿಂತ ಕುರಿ ಯಾರ ಮನೆಯದೆಂದು ಅವಳು ಈಚೆಯಿಂದ ಹೇಳುತ್ತಿದ್ದಳು.

ಹೇಳಿದರೂ ಗಂಡನ ಮನೆಯಲ್ಲಿ ಅವಳ ಬೆಲೆ ಅಷ್ಟಕ್ಕಷ್ಟೇ. ಹತ್ತೊಂಬತ್ತು ವರ್ಷದ ಹಿಂದೆ, ಮದುವೆಯ ದಿನ, ಬೀಗರ ಕಡೆಯ ಒಂದು ಕುರಿ ಕಬ್ಬೂರಿನಲ್ಲಿ ಕಾಣೆಯಾಯಿತು. ಮಾವ ಲಗಮಣ್ಣ ಹಂದರದ ಕೆಳಗೆ ನಿಂತು, "ಕಳ್ಳರ ಮನಿಗೆ ಬಂದು ಹೆಣ್ಣ ತಂದೇವಿ," ಎಂದು ಕೂಗಿದ. ಮೂರನೇ ದಿನ ಕುರಿ ಕರೋಶಿಯ ಹೊಲದಲ್ಲಿ ಸಿಕ್ಕಿತು. ಮಾತು ಮಾತ್ರ ಉಳಿಯಿತು. ಸಾರಿಗೆ ಉಪ್ಪು ಹೆಚ್ಚಾದರೂ ಕಬ್ಬೂರ ಕಳ್ಳರು, ಹಾಲು ಕಡಿಮೆಯಾದರೂ ಕಬ್ಬೂರ ಕಳ್ಳರು. ಮಾವ ಸತ್ತ ಮೇಲೆ ಕಾಡಸಿದ್ದ ಆ ಮಾತನ್ನು ಅಪ್ಪನ ಕೋಲು, ಕಂಬಳಿಯ ಜೊತೆ ತಾನು ತೆಗೆದುಕೊಂಡ. ಧರೆಪ್ಪ ಸಾಯುವ ಮುಂಚೆ ಮಗಳ ಕೈ ಹಿಡಿದು, "ಕುರಿ ಸಿಕ್ಕಿತು ಅಂತ ಅವರು ಊರಾಗ ಹೇಳ್ಯಾರೇನವ್ವಾ?" ಎಂದು ಕೇಳಿದ್ದ. ಸತ್ತೆವ್ವ ಹೇಳ್ಯಾರ ಎಂದು ಸುಳ್ಳಾಡಿದ್ದಳು. ಆ ಸುಳ್ಳನ್ನು ಆಡಿಸಿದ್ದಕ್ಕಾಗಿ ಅವಳು ಗಂಡನನ್ನು ಕ್ಷಮಿಸಿರಲಿಲ್ಲ.

ಚಿಕ್ಕೋಡಿ ದಾಟಿ ನಿಪ್ಪಾಣಿಗೆ ಬರುವವರೆಗೆ ಜೀಪಿನಲ್ಲಿ ಬೈಗುಳ ಬಿಟ್ಟು ಬೇರೆ ಮಾತಿಲ್ಲ. ನಿಪ್ಪಾಣಿಯಲ್ಲಿ ತಂಬಾಕಿನ ಘಾಟಿಗೆ ಎಲ್ಲರೂ ಸೀನಿದರು, ಅಷ್ಟು ಹೊತ್ತು ಶಾಂತಿ. ಹೆದ್ದಾರಿ ಹತ್ತಿದ ಮೇಲೆ ಮತ್ತೆ ಶುರು. ವಿರುಪಾಕ್ಷಪ್ಪ ಕಿವಿಗೆ ಮಫ್ಲರ್ ಸುತ್ತಿಕೊಂಡು ನಿದ್ದೆ ಬಂದವನಂತೆ ಕೂತ.

ಅಣ್ಣಾಸಾಬ ಜೀಪನ್ನು ಮೊದಲು ಚಿತ್ರಗಳ ಗ್ಯಾಲರಿಗೇ ಒಯ್ದ. ಎತ್ತರದ ಹಜಾರ, ಬಂಗಾರದ ಬಣ್ಣದ ಚೌಕಟ್ಟುಗಳು. ಸತ್ತವರ ಮೇಲೆ ಕಾಲಿಟ್ಟು ನಿಂತ ಸರದಾರರು, ಹುಲಿಯ ಮೇಲೆ ಕಾಲಿಟ್ಟು ನಿಂತ ಸಾಹೇಬರು. ಯಾರ ಮೇಲಾದರೂ ಕಾಲಿಡದೆ ಇವರಿಗೆ ಚಿತ್ರ ತೆಗೆಸಿಕೊಳ್ಳಲು ಬರುತ್ತಿರಲಿಲ್ಲವೇನೋ ಅಂದುಕೊಂಡಳು ಸತ್ತೆವ್ವ. ಅಣ್ಣಾಸಾಬ ಯಾವುದನ್ನೂ ನೋಡದೆ ದಡದಡ ನಡೆದು ಮೂಲೆಯ ಒಂದು ಚಿತ್ರದ ಮುಂದೆ ನಿಂತ.

ಚಿತ್ರದಲ್ಲಿ ಕೆಂಪು ಟಗರು, ಕೊರಳಲ್ಲಿ ಹೂಮಾಲೆ. ಹಗ್ಗ ಹಿಡಿದು ಜರಿಪೇಟದ ಪಾಟೀಲ ನಿಂತಿದ್ದಾನೆ. ಟಗರಿನ ಎರಡೂ ಕಿವಿ ಎಲೆಯ ಹಾಗೆ ನೆಟ್ಟಗಿದ್ದವು, ಒಂದು ಗೀರೂ ಇಲ್ಲ.

"ನೋಡ್ರಿ ಹಿರ್ಯಾರ. ಎಲ್ಲೈತಿ ಬೆಣಿ? ಎಲ್ಲೈತಿ ಸೀಳು? ಲೇ ಕಾಡಸಿದ್ದ, ಮನಿಗೆ ಹೋಗಿ ಗಂಟ ಕಟ್ಟು," ಅಂದ ಅಣ್ಣಾಸಾಬ.

ಕಾಡಸಿದ್ದನಿಗೆ ಬಣ್ಣದ ಮಸುಕು ಬಿಟ್ಟರೆ ಏನೂ ಕಾಣಲಿಲ್ಲ. ಅವನು ಹೆಂಡತಿಯ ಸೆರಗು ಹಿಡಿದು, "ಏನೈತೆ? ಹೇಳಬೇ," ಎಂದು ಜಗ್ಗಿದ.

ಸತ್ತೆವ್ವ ಚಿತ್ರವನ್ನು ಮೇಲಿಂದ ಕೆಳಗೆ ನೋಡಿದಳು. "ಪಾಟೀಲ್ರ, ನಿಮ್ಮ ಅಜ್ಜನ ಹೊಟ್ಟಿ ಎಲ್ಲೈತ್ರಿ?" ಅಂದಳು.

ವಿರುಪಾಕ್ಷಪ್ಪನಿಗೆ ನಗು ತಡೆಯಲಾಗಲಿಲ್ಲ. ಹಿರಿಯ ಪಾಟೀಲನನ್ನು ಅವನು ತಾನು ಹುಡುಗನಾಗಿದ್ದಾಗ ಕಂಡವನು. ಆ ಹೊಟ್ಟೆಯನ್ನು ಕುದುರೆಯ ಮೇಲಿಂದ ಇಳಿಸಲು ಇಬ್ಬರು ಆಳು ಬೇಕಾಗುತ್ತಿತ್ತು. ಚಿತ್ರದಲ್ಲಿ ಮಾತ್ರ ಅವನ ನಡು ಪೈಲವಾನನದಂತಿತ್ತು.

"ಅಷ್ಟ ದೊಡ್ಡ ಹೊಟ್ಟಿ ಮುಚ್ಚಿದ ಚಿತ್ರಗಾರ ಇಷ್ಟ ಸಣ್ಣ ಕಿವಿ ಹೊಲಿಯದ ಬಿಟ್ಟಿರತಾನೇನ್ರಿ?" ಅಂದಳು ಸತ್ತೆವ್ವ.

"ಆಣಿ ಮಾಡಿದ್ದು ಟಗರಿನ ಮ್ಯಾಲ. ಚಿತ್ರದ ಮ್ಯಾಲ ಯಾರೂ ಮಾಡಿಲ್ಲ. ನಡೀರಿ," ಅಂದ ವಿರುಪಾಕ್ಷಪ್ಪ. ಅಣ್ಣಾಸಾಬನ ಮುಖ ಕೆಂಪಾಯಿತು. ತುಂಬಿದ ಟಗರನ್ನು ಅವನು ಎಂದೂ ನೋಡಿರಲಿಲ್ಲ.

ಮ್ಯೂಸಿಯಂ ಇದ್ದದ್ದು ಹಳೆಯ ಸರದಾರರೊಬ್ಬರ ವಾಡೆಯಲ್ಲಿ. ಕತ್ತಿ, ಢಾಲು, ಪಲ್ಲಕ್ಕಿ, ಬೆಳ್ಳಿಯ ಹುಕ್ಕಾ, ಆಮೇಲೆ ಸಾಲಾಗಿ ಸತ್ತ ಪ್ರಾಣಿಗಳು. ಮೂರು ಹುಲಿ, ಒಂದು ಕಾಡೆಮ್ಮೆ, ಧೂಳು ತಿಂದ ನವಿಲು. ಕೊನೆಯ ಕೋಣೆಯಲ್ಲಿ, ಗೋಡೆಗೆ ಒತ್ತಿ ಇಟ್ಟ ಗಾಜಿನ ಕಪಾಟಿನೊಳಗೆ ಟಗರು ನಿಂತಿತ್ತು. ಕೊಂಬಿಗೆ ಕಪ್ಪು ವಾರ್ನಿಸ್ ಬಳಿದಿದ್ದರು, ಉಣ್ಣೆಯನ್ನು ಅಲ್ಲಲ್ಲಿ ನುಸಿ ತಿಂದಿತ್ತು. ಅಲಖನೂರ ಪಾಟೀಲರ ನಜರು ಎಂದು ಮರಾಠಿಯಲ್ಲಿ ಬರೆದ ಚೀಟಿಯನ್ನು ವಿರುಪಾಕ್ಷಪ್ಪ ಓದಿದ. ಬಲಗಿವಿ ಈ ಕಡೆಗಿತ್ತು. ಎಡಗಿವಿ ಗೋಡೆಯ ಕಡೆಗೆ.

ಅಣ್ಣಾಸಾಬನಿಗೆ ಮತ್ತೆ ಉಸಿರು ಬಂತು. "ಆತಲ್ಲ. ಕಾಣಾಂಗಿಲ್ಲ. ಗುರುತ ಕಾಣಲಿಲ್ಲ ಅಂದ್ರ ಗುರುತ ಇಲ್ಲ ಅಂತನ ಲೆಕ್ಕ."

ಸತ್ತೆವ್ವ ಕಪಾಟಿನ ಸುತ್ತ ಇಣುಕಿದಳು, ಗಾಜಿಗೆ ಕೆನ್ನೆ ಹಚ್ಚಿದಳು. ಪಹರೆಯವನು ಕೋಲಿನಿಂದ ನೆಲ ಕುಟ್ಟಿ ದೂರ ಸರಿಸಿದ. ಕಪಾಟು ತೆಗೆಯಿರಿ ಎಂದು ವಿರುಪಾಕ್ಷಪ್ಪ ತನ್ನ ಒಳ್ಳೆಯ ಮರಾಠಿಯಲ್ಲಿ ಕೇಳಿದ್ದಕ್ಕೆ, ಮೂವತ್ತು ವರ್ಷದಲ್ಲಿ ಅದನ್ನು ಯಾರೂ ತೆಗೆಸಿಲ್ಲ, ನೀವು ಯಾವ ಊರ ರಾಜರು ಎಂದು ಕೇಳಿದ. ಸತ್ತೆವ್ವನ ನಲವತ್ತು ಕುರಿಗಳು ಒಂದು ಗೇಣು ಗಾಜಿನ ಆಚೆ ನಿಂತಿದ್ದವು.

ಅಷ್ಟರಲ್ಲಿ ಕಾಡಸಿದ್ದ, "ಎಲ್ಲೈತಿ? ನಮ್ಮಜ್ಜನ ಟಗರ ಎಲ್ಲೈತಿ?" ಎಂದು ತಡವರಿಸುತ್ತ ಮುಂದೆ ಬಂದ. ಸತ್ತೆವ್ವ ಅವನ ಭುಜ ಹಿಡಿದು ಕಪಾಟಿನ ಕಡೆ ತಿರುಗಿಸಿದಳು. ಗಾಜಿರುವುದು ಅವನಿಗೆ ಕಾಣಲಿಲ್ಲ. ಕೊಂಬು ತಿರುವಿದ ದೊಡ್ಡ ತಲೆಯಷ್ಟೇ ಕಂಡಿತು. ಕುರಿಗಾರ ಕಣ ಗೆದ್ದ ಟಗರನ್ನು ಕಂಡರೆ ಏನು ಮಾಡುತ್ತಾನೋ ಅದನ್ನೇ ಮಾಡಿದ. ಸೊಂಟದ ಚೀಲದಿಂದ ಬೊಗಸೆ ತುಂಬ ಭಂಡಾರ ತೆಗೆದು, "ಬೀರಪ್ಪನ ಹೆಸರಲೇ ಚಾಂಗಭಲೋ!" ಎಂದು ಮೇಲಕ್ಕೆ ತೂರಿದ.

ಅರ್ಧ ಗಾಜಿಗೆ ಬಡಿಯಿತು. ಉಳಿದರ್ಧ ಕಪಾಟಿನ ಮೇಲಿದ್ದ ತಂತಿಯ ಜಾಳಿಗೆಯೊಳಗಿಂದ ಇಳಿದು ಟಗರಿನ ತಲೆ, ಕಿವಿ, ಬೆನ್ನನ್ನೆಲ್ಲ ಹಳದಿ ಮಾಡಿತು.

ಪಹರೆಯವನು ಸೀಟಿ ಊದಿದ. ಒಳಗಿನಿಂದ ಮ್ಯೂಸಿಯಮ್ಮಿನ ಉಸ್ತುವಾರಿ ಕಮಲಾಬಾಯಿ ಎಂಬಾಕೆ, ಕೈಯಲ್ಲಿ ಚಹಾದ ಕಪ್ಪುಬಸಿ ಹಿಡಿದೇ ಓಡಿ ಬಂದಳು. "ಅರೇ, ಹೇ ಕಾಯ ಕೇಲಂ!" ಇದೇನು ಮಾಡಿದಿರಿ ಎಂದು ಕಿರುಚಿದಳು. ಇದು ಗುಡಿಯೋ ಮ್ಯೂಸಿಯಮ್ಮೋ, ಹಳ್ಳಿಯವರನ್ನು ಒಳಗೆ ಬಿಟ್ಟದ್ದೇ ತಪ್ಪು, ಪೊಲೀಸರನ್ನು ಕರೆಸುತ್ತೇನೆ ಎಂದು ಒಂದೇ ಉಸಿರಿಗೆ ಮರಾಠಿಯಲ್ಲಿ ಬೈದಳು.

"ಕರಸ್ರಿ ಬಾಯಿ, ಜರೂರ ಕರಸ್ರಿ," ಎಂದು ಅಣ್ಣಾಸಾಬ ಹಲ್ಲು ಕಿಸಿದ.

"ಇವರನ್ನು ಕರೆದುಕೊಂಡು ಬಂದವನು ನೀನಲ್ಲವಾ? ಹಾಗಾದರೆ ಒಳಗೆ ಹೋಗಿ ನೀನೇ ಒರೆಸು," ಎಂದು ಕಮಲಾಬಾಯಿ ಅವನ ಕಡೆ ತಿರುಗಿದಳು. ಅಣ್ಣಾಸಾಬ ತನ್ನ ಬಿಳಿ ಅಂಗಿಯನ್ನು ನೋಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಕಮಲಾಬಾಯಿ ಸೊಂಟದ ಗೊಂಚಲಿನಿಂದ ಕೀಲಿ ತೆಗೆದು ಕಪಾಟಿನ ಬಾಗಿಲು ತೆರೆದಳು. ಮೆತ್ತನೆಯ ಬ್ರಷ್ಷು ಮತ್ತು ಅರಿವೆಯನ್ನು ಸತ್ತೆವ್ವನ ಕೈಗೆ ತುರುಕಿದಳು. "ಒಂದು ಕಣವೂ ಉಳಿಯಬಾರದು."

ಸತ್ತೆವ್ವ ಕಪಾಟಿನೊಳಗೆ ಅರ್ಧ ಮೈ ತೂರಿಸಿದಳು. ಹಳೆಯ ತೊಗಲಿನ, ಕರ್ಪೂರದ ವಾಸನೆ. ಬೆನ್ನು ಒರೆಸಿದಳು, ಕೊಂಬು ಒರೆಸಿದಳು, ಬಲಗಿವಿ ಒರೆಸಿದಳು. ಬಲಗಿವಿಯ ತುದಿ ಹಾಗೇ ಇತ್ತು. ಆಮೇಲೆ ಗೋಡೆಗೂ ತಲೆಗೂ ನಡುವೆ ಕೈ ಹಾಕಿ ಎಡಗಿವಿ ಹಿಡಿದಳು.

ಬೆಣೆ ಸಿಕ್ಕಿತು. ಹರಿತವಾದ, ಉದ್ದನೆಯ ಬೆಣೆ. ಅವಳ ಮೈಯೆಲ್ಲ ಹಗುರಾಯಿತು. ಬಗ್ಗಿ ನೋಡಿದಳು, ಭಂಡಾರ ಸೀಳಿನ ಅಂಚಿಗೆ ಹಿಡಿದುಕೊಂಡು ನಿನ್ನೆ ಕತ್ತರಿಸಿದಂತೆ ತೋರುತ್ತಿತ್ತು. ಅದರ ಕೆಳಬದಿಗೆ ಹೆಬ್ಬೆರಳು ತಾಗಿತು. ಅಲ್ಲಿ ಅಂಚು ದಪ್ಪಗಿತ್ತು, ದುಂಡಗೆ ಒಳಕ್ಕೆ ತಿರುಗಿತ್ತು. ಮರಿಯಾಗಿದ್ದಾಗ ಕತ್ತರಿಸಿ ಮಾಗಿದ ಅಂಚು. ಬೆಣೆ ಹಾಕಿದವನು ಆ ಹಳೆಯ ಗುರುತನ್ನು ಪೂರ್ತಿ ಅಳಿಸಲು ನೋಡಿದ್ದ, ಅರ್ಧ ಉಳಿದಿತ್ತು. ಅವಳ ಬೆರಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಹತ್ತು ವರ್ಷದವಳಿದ್ದಾಗ ಅಪ್ಪ ಹಿಂದೆ ಕೂತು, ತನ್ನ ಕೈಯಲ್ಲಿ ಅವಳ ಕೈ ಹಿಡಿದು ಕತ್ತರಿಸಲು ಕಲಿಸಿದ ಅರ್ಧಚಂದ್ರ ಅದು. ಚಿಂಚಲಿಯ ದಾರಿಯಲ್ಲಿ ಅಜ್ಜನ ಕೆಂಪು ಟಗರೊಂದು ಕಳೆದುಹೋಯಿತೆಂದು ಅಪ್ಪ ಹೇಳುತ್ತಿದ್ದ. ಟಗರು ಕಳೆದುಕೊಳ್ಳದ ಕುರಿಗಾರ ಯಾರಿದ್ದಾನೆ ಎಂದುಕೊಂಡು ಅವಳು ಅದನ್ನು ಮರೆತುಬಿಟ್ಟಿದ್ದಳು.

"ಐತೇನ? ಬಾಯಿ ಬಿಡಬೇ. ನಮ್ಮ ಬೆಣಿ ಐತೇನ?" ಕಾಡಸಿದ್ದ ಹೊರಗಿನಿಂದ ಕೂಗಿದ.

ಸತ್ತೆವ್ವ ನಲವತ್ತು ಕುರಿಗಳ ಮುಖ ನೆನೆದು, ಬಾಯಿಗೆ ಬಂದ ಅಪ್ಪನ ಹೆಸರನ್ನು ನುಂಗಿಕೊಂಡಳು. ಹೊರಗೆ ಬಂದು, "ಐತಿ. ನಿಮ್ಮ ಬೆಣಿ ಐತಿ," ಅಂದಳು.

ವಿರುಪಾಕ್ಷಪ್ಪ ಕೈ ಹಾಕಿ ಮುಟ್ಟಿ ನೋಡಿ ತಲೆದೂಗಿದ. ಅಣ್ಣಾಸಾಬ ಹುಲಿಗಳ ಕಡೆ ಮುಖ ತಿರುಗಿಸಿದ. ಮಡ್ಡಿ ಗೆದ್ದಾಗಿತ್ತು. ಕಾಡಸಿದ್ದ ಸುಮ್ಮನಿದ್ದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸುಮ್ಮನಿರುವುದು ಅವರ ಮನೆತನದಲ್ಲೇ ಇರಲಿಲ್ಲ. ಅವನು ತೊಡೆ ತಟ್ಟಿ, ಕೋಣೆಗೆಲ್ಲ ಕೇಳುವಂತೆ, "ನೋಡ್ರಿ ಪಾಟೀಲ್ರ! ಕಬ್ಬೂರ ಕಳ್ಳರ ಮಗಳ ಬಾಯಾಗೂ ಇವತ್ತ ಖರೇ ಬಂತು!" ಅಂದ.

ಸತ್ತೆವ್ವ ಕೈಯಲ್ಲಿದ್ದ ಅರಿವೆಯನ್ನು ನಿಧಾನಕ್ಕೆ ಮಡಚಿ ಕಮಲಾಬಾಯಿಗೆ ಕೊಟ್ಟಳು.

"ಖರೇ ಇನ್ನೂ ಅರ್ಧ ಐತ್ರಿ ಹಿರ್ಯಾರ," ಅಂದಳು. "ಬೆಣಿ ಕೆಳಗ ಬೆರಳ ಆಡಸ್ರಿ. ಬಲಗಿವಿ ತುದೀನೂ ನೋಡ್ರಿ."

ವಿರುಪಾಕ್ಷಪ್ಪ ಮತ್ತೆ ಕೈ ಹಾಕಿದ. ಈ ಸಲ ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಕಾಡಸಿದ್ದನ ಕೈಯನ್ನೇ ಹಿಡಿದು ಟಗರಿನ ಕಿವಿಯ ಮೇಲಿಟ್ಟ. ಕಣ್ಣು ಹೋದ ಮೇಲೆ ಕಾಡಸಿದ್ದನ ಬೆರಳು ಚುರುಕಾಗಿದ್ದವು. ಬೆಣೆಯ ಮೇಲೆ ಓಡಿದವು, ಕೆಳಗಿಳಿದವು, ದುಂಡನೆಯ ದಪ್ಪ ಅಂಚಿನಲ್ಲಿ ನಿಂತುಬಿಟ್ಟವು. ಬಲಗಿವಿಗೆ ಹೋದವು, ತುದಿಯನ್ನು ಹುಡುಕಿ ವಾಪಸು ಬಂದವು. ಅವನ ಮುಖದ ಬಣ್ಣ ಇಳಿಯಿತು.

"ಯಾರ ಗುರುತ ಅದು? ಹೇಳು, ನಿನ್ನ ಬಾಯಿಂದನ ಹೇಳು," ಅಂದಳು ಸತ್ತೆವ್ವ.

ಅವನು ಕಪಾಟಿನಿಂದ ಕೈ ಹಿಂದಕ್ಕೆಳೆದುಕೊಂಡ.

"ಕಬ್ಬೂರ ಧರೆಪ್ಪನ ಮನೀದು," ಅಂದ ವಿರುಪಾಕ್ಷಪ್ಪ. "ಬಲಗಿವಿ ಕೊಯ್ದಿಲ್ಲ. ಕದ್ದ ಟಗರು."

ಅಣ್ಣಾಸಾಬ ಹೊಟ್ಟೆ ಹಿಡಿದು ನಕ್ಕ. ಅಜ್ಜನ ಹೊಟ್ಟೆ ಮೊಮ್ಮಗನಿಗೂ ಬರುತ್ತಿತ್ತು. "ಕಳ್ಳನ ಮನೀಂದ ನಮ್ಮಜ್ಜ ಕಸಗೊಂಡಾನ, ಅಷ್ಟ! ಹಂಗಾದ್ರ ಮಡ್ಡಿ ನಂದನ ಉಳೀತು."

"ನಗಬ್ಯಾಡ್ರಿ," ಅಂದಳು ಸತ್ತೆವ್ವ. "ಭಂಡಾರದಾಗ ಕೈ ಇಟ್ಟು ಏನಂದ್ರಿ? ಕಾಡಸಿದ್ದನ ಗುರುತ ಇದ್ರ ಅಂದ್ರೇನ? ಯಾರ ಮನಿ ಗುರುತ ಐತೋ ಅವರದು ಅಂದ್ರಿ. ಬೆಣಿ ಕಳವಿನ ಗುರುತು, ಅದು ಲೆಕ್ಕಕ್ಕಿಲ್ಲ. ಉಳಿದದ್ದು ನಮ್ಮಪ್ಪನ ಮನೀದು. ನಮ್ಮಪ್ಪಗ ನಾ ಒಬ್ಬಾಕಿ."

"ಹೆಂಗಸಿಗೆ ಎಲ್ಲೀ ಮಡ್ಡಿ?"

"ಆ ಗುರುತ ಕೊಯ್ಯಾಕ ನಮ್ಮಪ್ಪ ಕತ್ತರಿ ಕೊಟ್ಟದ್ದು ಈ ಹೆಂಗಸಿನ ಕೈಯಾಗ."

ಅಣ್ಣಾಸಾಬ ವಿರುಪಾಕ್ಷಪ್ಪನ ಮುಖ ನೋಡಿದ. ಕೋರ್ಟಿಗೆ ಹೋಗುತ್ತೇನೆ ಅಂದ. "ಹೋಗಪಾ. ಆದ್ರ ನೀ ಕೈ ಇಟ್ಟದ್ದು ಇಡೀ ಊರ ನೋಡೈತಿ, ಬೀರಪ್ಪ ನೋಡ್ಯಾನ. ಮಡ್ಡಿ ಸತ್ತೆವ್ವಂದು," ಅಂದ ವಿರುಪಾಕ್ಷಪ್ಪ. ಕಮಲಾಬಾಯಿಗೆ ಕನ್ನಡ ಅರ್ಧ ತಿಳಿದಿತ್ತೋ ಪೂರ್ತಿ ತಿಳಿದಿತ್ತೋ, ಕಪಾಟಿಗೆ ಬೀಗ ಹಾಕುತ್ತ ಸತ್ತೆವ್ವನನ್ನು ಒಂದು ಸಲ ನೋಡಿದಳು, ಪೊಲೀಸರ ಮಾತು ಮತ್ತೆ ಎತ್ತಲಿಲ್ಲ.

ಹೊರಗೆ ಬರುವಷ್ಟರಲ್ಲಿ ಅಣ್ಣಾಸಾಬ ಜೀಪು ತೆಗೆದುಕೊಂಡು ಒಬ್ಬನೇ ಹೋಗಿದ್ದ. ಮೂವರೂ ಕೆಂಪು ಬಸ್ಸು ಹಿಡಿದರು. ನಿಪ್ಪಾಣಿಯಲ್ಲಿ ಬಸ್ಸು ಬದಲಿಸಿದರು. ಚಿಕ್ಕೋಡಿ ಬಂತು, ಕಬ್ಬೂರಿನ ದಾರಿ ಬಂತು, ಕಾಡಸಿದ್ದ ಕಿಟಕಿಯ ಆಚೆ ಮುಖ ಮಾಡಿ ಕೂತಿದ್ದ. ಊರ ಹತ್ತಿರ ಬಂದಾಗ, "ನಾಳೆ ಕುರಿ ಎತ್ತಾಗ ಹೊಡೀಲಿ?" ಎಂದು ಮೆಲ್ಲಗೆ ಕೇಳಿದ.

"ನನ್ನ ಮಡ್ಡಿಗೆ ಹೊಡಿ. ಕೇಳಿ ಹೊಡಿ," ಅಂದಳು.

ಬೋರು ಹೊಡೆಸಿದ ಎರಡು ಎಕರೆಯನ್ನು ಬಿಡುವುದಿಲ್ಲವೆಂದು ಅಣ್ಣಾಸಾಬ ಪಟ್ಟು ಹಿಡಿದ, ಸತ್ತೆವ್ವ ಬಿಟ್ಟುಕೊಟ್ಟಳು. ಕುರಿಗಳಿಗೆ ದ್ರಾಕ್ಷಿ ಬೇಕಿರಲಿಲ್ಲ. ಉಳಿದ ಹತ್ತರ ತಂತಿ ಎಂಟು ದಿನದಲ್ಲಿ ಕಿತ್ತರು.

ಆ ವಾರ ಏಳು ಮರಿಗಳ ಕಿವಿ ಕತ್ತರಿಸುವುದಿತ್ತು. ಕಾಡಸಿದ್ದ ಎಂದಿನಂತೆ ಅಂಗಳದಲ್ಲಿ ಕೂತು ಮೊದಲ ಮರಿಯನ್ನು ಮೊಣಕಾಲ ನಡುವೆ ಹಿಡಿದ. ಸತ್ತೆವ್ವ ಕತ್ತರಿ ತಂದು ಎದುರಿಗೆ ಕೂತಳು. ಅಕ್ಕಪಕ್ಕದವರು ನೋಡಲು ಬಂದು ನಿಂತಿದ್ದರು. ಸುದ್ದಿ ಅವರಿಗೂ ಮುಟ್ಟಿತ್ತು.

"ಯಾವ ಗುರುತ ಹಾಕ್ತಿ?" ಎಂದು ಕೇಳಿದ.

"ಮಡ್ಡಿ ಯಾರದೋ ಅವರದು. ಅದಕ್ಕೂ ಮೊದಲ ಒಂದ ಮಾತ ಹೇಳು, ಎಲ್ಲಾರಿಗೂ ಕೇಳಬೇಕು. ಕಳ್ಳರು ಯಾರು?"

ಮರಿ ಒದ್ದಾಡಿತು. ಕಾಡಸಿದ್ದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡ. ಹತ್ತೊಂಬತ್ತು ವರ್ಷ ಒಂದೇ ದಿಕ್ಕಿಗೆ ಹರಿದ ನಾಲಗೆಯನ್ನು ತಿರುಗಿಸಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಸತ್ತೆವ್ವ ಕಾದಳು.

"ನಮ್ಮಜ್ಜ," ಅಂದ.

"ಕೇಳಲಿಲ್ಲ."

"ನಮ್ಮಜ್ಜ ಕಳ್ಳ. ಕಬ್ಬೂರವರು ಅಲ್ಲ," ಎಂದು ಕೂಗಿದ.

ಅದನ್ನು ಕೇಳಬೇಕಾಗಿದ್ದ ಧರೆಪ್ಪ ಕಬ್ಬೂರಿನ ಮಣ್ಣಿನಲ್ಲಿದ್ದ. ಸತ್ತೆವ್ವನ ಕಣ್ಣು ತುಂಬಿ ಮರಿಯ ಕಿವಿ ಕಾಣದಾಯಿತು. ಬೆರಳಿನಿಂದಲೇ ಅಂಚು ಹುಡುಕಿ, ಅರ್ಧಚಂದ್ರ ಕತ್ತರಿಸಿದಳು. ಕಾಡಸಿದ್ದ ತಾನಾಗಿಯೇ ಭಂಡಾರ ತೆಗೆದು ಗಾಯಕ್ಕೆ ಒತ್ತಿದ.